ಅರ್ಕಾವತಿ ಕಣಿವೆಯ ಕಲ್ಲುಮನೆಗಳು

ನದಿ ಕಣಿವೆಯ ಚರಿತ್ರೆ ಎಂದೊಡನೆ ನಮ್ಮ ನೆನಪಿಗೆ ಬರುವುದು ನೈಲ್, ಯೂಫ್ರೆಟಿಸ್, ಸಿಂಧೂ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಮಾರ್ಗವಾಗಿ ಮಾಗಡಿ ಸೀಮೆಗೆ ಇಳಿದು, ರಾಮನಗರವನ್ನು ಹಾದು, ಕನಕಪುರದ ಕಾಡಿನೊಳಗೆ ಹೊಕ್ಕು ಸಂಗಮದಲ್ಲಿ ಕಾವೇರಿಯನ್ನು ಕೂಡಿಕೊಳ್ಳುವ ಅರ್ಕಾವತಿಯ ಹೆಸರನ್ನು ಆ ಸಾಲಿನಲ್ಲಿ ಯಾರೂ ಸೇರಿಸುವುದಿಲ್ಲ. ಸೇರಿಸಬೇಕೆಂಬುದು ಈ ಲೇಖನದ ವಾದವೂ ಅಲ್ಲ. ಸುಮಾರು 190 ಕಿ.ಮೀ. ಉದ್ದದ, ಮಳೆ ಬಂದಾಗಷ್ಟೇ ಮೈದುಂಬಿಕೊಳ್ಳುತ್ತಿದ್ದ ಹೊಳೆ ಅದು. ಆದರೂ ಅದರ ಇಕ್ಕೆಲಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ತಮ್ಮ ಸತ್ತವರಿಗೆ ಕಲ್ಲಿನ ಮನೆ ಕಟ್ಟಿ ಹೋಗಿದ್ದಾರೆ. ಆ ಗುರುತುಗಳು ಎಲ್ಲೆಂದರಲ್ಲಿ ಇಲ್ಲ; ಇರುವ ಜಾಗಕ್ಕೆ ಒಂದು ಕಾರಣವಿದೆ. ಅವು ಈಗ ಕಾಣೆಯಾಗುತ್ತಿರುವುದಕ್ಕೂ ಅದೇ ಕಾರಣವೆಂಬುದು ವಿಚಿತ್ರವಾದರೂ ನಿಜ.

ವಿಷಯ ಸ್ಪಷ್ಟವಾಗಬೇಕಾದರೆ ದೂರದ ಇನ್ನೊಂದು ಕಣಿವೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್, ಇಸ್ರೇಲ್, ಜೋರ್ಡಾನ್‌ಗಳ ಸೀಮೆಯನ್ನು ಲೆವಾಂಟ್ ಎನ್ನುತ್ತಾರೆ. ಅದರ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹರಿಯುವುದು ಜೋರ್ಡಾನ್ ನದಿ. ಬೈಬಲ್ ಓದಿದವರಿಗೆ, ಓದದವರಿಗೂ, ಆ ಹೆಸರು ಪರಿಚಿತ. ಭೂಮಿಯ ಹೊರಪದರ ಬಿರಿದು ಉಂಟಾದ ಆಳವಾದ ತಗ್ಗಿನಲ್ಲಿ ಹರಿಯುವ ಈ ನದಿ ಕೊನೆಗೆ ಸೇರುವ ಮೃತ ಸಮುದ್ರದ ನೀರಿನ ಮಟ್ಟ, ಸಾಗರ ಮಟ್ಟಕ್ಕಿಂತ ಸುಮಾರು 430 ಮೀಟರ್ ಕೆಳಗಿದೆ. ಭೂಮಿಯ ಮೇಲೆ ಅದಕ್ಕಿಂತ ತಗ್ಗಾದ ಒಣನೆಲ ಬೇರೆಲ್ಲೂ ಇಲ್ಲ.

ಆ ಕಣಿವೆಯಲ್ಲಿ ಬತ್ತದ ಒಂದು ಚಿಲುಮೆಯ ಬಳಿ ಜೆರಿಕೊ ಎಂಬ ಊರಿದೆ. ಜನ ಅಲ್ಲಿ ಮಣ್ಣಿನ ಇಟ್ಟಿಗೆಯಿಂದ ಮನೆ ಕಟ್ಟಿದರು. ಮನೆ ಬಿದ್ದಾಗ ಅದೇ ಮಣ್ಣನ್ನು ಸಮ ಮಾಡಿ ಅದರ ಮೇಲೆಯೇ ಮತ್ತೊಂದು ಮನೆ ಕಟ್ಟಿದರು. ಚಿಲುಮೆ ಇದ್ದಲ್ಲೇ ಇದ್ದುದರಿಂದ ಊರು ಕದಲಲಿಲ್ಲ, ಮೇಲಕ್ಕೆ ಬೆಳೆಯಿತು. ಹೀಗೆ ಸಾವಿರಾರು ವರ್ಷ ಪದರ ಪದರವಾಗಿ ಏರಿದ ದಿಬ್ಬಕ್ಕೆ ಅರಬ್ಬಿಯಲ್ಲಿ ‘ತೆಲ್’ ಎನ್ನುತ್ತಾರೆ. ಕ್ಯಾಥ್ಲೀನ್ ಕೆನ್ಯನ್ ಎಂಬ ವಿದುಷಿ 1952ರಿಂದ 1958ರವರೆಗೆ ಜೆರಿಕೊ ದಿಬ್ಬವನ್ನು ಅಗೆದು, ಹತ್ತು ಸಾವಿರ ವರ್ಷಗಳಷ್ಟು ಹಳೆಯದಾದ ಕಲ್ಲಿನ ಗೋಪುರವೊಂದನ್ನು ಹೊರತೆಗೆದರು. 2023ರಲ್ಲಿ ಆ ದಿಬ್ಬ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂಥ ಊರಿನ ಚರಿತ್ರೆ ಓದಲು ನೆಟ್ಟಗೆ ಕೆಳಕ್ಕೆ ಅಗೆದರಾಯಿತು. ಪುಸ್ತಕದ ಹಾಳೆಗಳಂತೆ ಒಂದರ ಕೆಳಗೊಂದು ಕಾಲಮಾನ ತೆರೆದುಕೊಳ್ಳುತ್ತದೆ.

ಅರ್ಕಾವತಿಯ ಕಣಿವೆ ಅಂಥದ್ದಲ್ಲ. ಇಲ್ಲಿ ಚರಿತ್ರೆ ಅಡ್ಡಡ್ಡಲಾಗಿ ಹರಡಿಕೊಂಡಿದೆ. ಹಾಗಾಗಲು ಮೊದಲ ಕಾರಣ ಕಲ್ಲು.

ರಾಮನಗರದ ಕಲ್ಲಿಗೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಒಂದು ಹೆಸರಿಟ್ಟಿದ್ದಾರೆ: ಕ್ಲೋಸ್‌ಪೇಟೆ ಗ್ರಾನೈಟ್. ಟಿಪ್ಪುವಿನ ಕಾಲದಲ್ಲಿ ಶಂಷೇರಾಬಾದ್ ಎನಿಸಿಕೊಂಡಿದ್ದ ಊರಿಗೆ 1800ರ ಸುಮಾರಿಗೆ ದಿವಾನ್ ಪೂರ್ಣಯ್ಯನವರು ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರನ್ನು ಕೊಟ್ಟರು. ಸ್ವಾತಂತ್ರ್ಯಾನಂತರ ಊರು ರಾಮನಗರವಾಯಿತು. 2007ರಲ್ಲಿ ಅದೇ ಹೆಸರಿನ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಸರ್ಕಾರಗಳು ಬದಲಿಸಲಾಗದೆ ಉಳಿದಿರುವುದು ಕಲ್ಲಿನ ಹೆಸರೊಂದೇ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ ಶಿಲಾದ್ರವ ಮೇಲೇರಿ ತಣ್ಣಗಾಗಿ ಉಂಟಾದ ಈ ಗ್ರಾನೈಟ್ ಪಟ್ಟಿ, ರಾಜ್ಯದ ಉದ್ದಕ್ಕೆ ಉತ್ತರ-ದಕ್ಷಿಣವಾಗಿ ಸುಮಾರು 400 ಕಿ.ಮೀ. ಹಬ್ಬಿದೆ. ಸಾವನದುರ್ಗ, ರಾಮದೇವರ ಬೆಟ್ಟ, ಶಿವಗಂಗೆ, ಕಬ್ಬಾಳದುರ್ಗ ಇವೆಲ್ಲ ಅದರ ತಲೆಗಳು. ‘ಶೋಲೆ’ ಚಿತ್ರದ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳೂ ಇವೇ.

ಈ ಕಲ್ಲಿಗೆ ಒಂದು ಗುಣವಿದೆ. ಮೇಲಿದ್ದ ಭಾರ ಸವೆದು ಹೋದಂತೆ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯ ಹಾಗೆ ಪದರಗಳಾಗಿ ಬಿಡುತ್ತದೆ. ಮಧ್ಯಾಹ್ನದ ಬಿಸಿಲು, ರಾತ್ರಿಯ ತಂಪು ಅದಕ್ಕೆ ನೆರವಾಗುತ್ತವೆ. ಪದರದ ಅಂಚಿನಲ್ಲಿ ಬೆಂಕಿ ಹಚ್ಚಿ ಕಾಯಿಸಿದರೆ ಚಪ್ಪಡಿ ಎದ್ದು ಬರುತ್ತದೆ. ಇದನ್ನು ಕಂಡುಕೊಂಡವರು ಇತ್ತೀಚಿನ ಕಲ್ಲುಕುಟಿಗರಲ್ಲ. ಕಬ್ಬಿಣ ಯುಗದ ಜನ.

1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬಿ. ಆರ್. ಬ್ರಾನ್‌ಫಿಲ್ ಎಂಬ ಸೇನಾಧಿಕಾರಿ ಸಾವನದುರ್ಗದ ಬಳಿಯ ಒಂದು ಪುರಾತನ ಸಮಾಧಿ ನೆಲೆಯ ಬಗ್ಗೆ ಬರೆದ. ಆತ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಕೆಲಸ ಮಾಡುತ್ತಿದ್ದವನು. ದೇಶದ ನಕ್ಷೆಗಾಗಿ ನೆಲ ಅಳೆಯುವುದು ಅವನ ಕಸುಬು. ಅದೇ 1881ರಲ್ಲಿ, ಜೋರ್ಡಾನ್ ನದಿಯ ಪೂರ್ವ ದಡದಲ್ಲಿ ಕ್ಲಾಡ್ ಕಾಂಡರ್ ಎಂಬ ಇನ್ನೊಬ್ಬ ಬ್ರಿಟಿಷ್ ಸೇನಾಧಿಕಾರಿ ನಕ್ಷೆ ತಯಾರಿಸುತ್ತಾ, ಇಂಥವೇ ಕಲ್ಲುಮನೆಗಳನ್ನು ನೂರಾರು ಸಂಖ್ಯೆಯಲ್ಲಿ ಕಂಡ. ದೂರದೂರದ ಎರಡು ಕಣಿವೆಗಳಲ್ಲಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಅಳತೆ ಸರಪಳಿ ಹಿಡಿದ ಇಬ್ಬರು ಇಂಗ್ಲಿಷರು ಒಂದೇ ಬಗೆಯ ಕಟ್ಟಡದ ಮುಂದೆ ನಿಂತಿದ್ದರು! ನಿಂತ ಕಲ್ಲುಗಳ ಮೇಲೆ ಒಂದು ಮುಚ್ಚುಗಲ್ಲು. ಅದಕ್ಕೆ ಡಾಲ್ಮೆನ್ ಎಂದು ಹೆಸರು.

ಆ ಕಾಲದ ವಿದ್ವಾಂಸರಿಗೆ ಇಷ್ಟು ಸಾಕಾಗಿತ್ತು. ಬ್ರಿಟನ್ನಿನಿಂದ ಭಾರತದವರೆಗೆ ಒಂದೇ ಜನಾಂಗ ವಲಸೆ ಹೋಗುತ್ತಾ ದಾರಿಯುದ್ದಕ್ಕೂ ಕಲ್ಲು ನಿಲ್ಲಿಸಿತೇ ಎಂದು ಪುಟಗಟ್ಟಲೆ ಚರ್ಚಿಸಿದರು. ಇಂದು ಆ ಊಹೆ ನಿಲ್ಲುವುದಿಲ್ಲ. ಜೋರ್ಡಾನ್ ಕಣಿವೆಯ ಡಾಲ್ಮೆನ್‌ಗಳು ಬಹುಮಟ್ಟಿಗೆ ಕ್ರಿ.ಪೂ. ನಾಲ್ಕನೆಯ ಮತ್ತು ಮೂರನೆಯ ಸಹಸ್ರಮಾನಕ್ಕೆ ಸೇರಿದವು. ನಮ್ಮ ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಿಗೆ ಸ್ಥೂಲವಾಗಿ ಕ್ರಿ.ಪೂ. 1200ರಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗಿನ ಕಾಲ ಹೇಳುತ್ತಾರೆ. ನಡುವೆ ಸಾವಿರಾರು ವರ್ಷ, ಸಾವಿರಾರು ಮೈಲಿ. ಸಾಮ್ಯಕ್ಕೆ ರಕ್ತಸಂಬಂಧ ಹುಡುಕುವುದಕ್ಕಿಂತ ಕಲ್ಲನ್ನು ನೋಡುವುದು ಮೇಲೆಂದು ನನಗೆ ತೋರುತ್ತದೆ. ಚಪ್ಪಡಿಯಾಗಿ ಬಿಡುವ ಕಲ್ಲು ಕೈಗೆ ಸಿಕ್ಕಿದಾಗ, ಮೂರು ಕಡೆ ನಿಲ್ಲಿಸಿ ಮೇಲೊಂದು ಹೊದಿಸುವುದು ಯಾವ ಮನುಷ್ಯನಿಗೂ ಹೊಳೆಯುವ ಉಪಾಯ.

ನಮ್ಮ ಕಡೆಯ ಕಟ್ಟಡದ ಕ್ರಮವಾದರೋ ಅಷ್ಟು ಸರಳವಲ್ಲ. ಸಾಮಾನ್ಯವಾಗಿ ನೆಲದಲ್ಲಿ ಗುಂಡಿ ತೋಡಿ, ನಾಲ್ಕು ಚಪ್ಪಡಿಗಳನ್ನು ಒಂದರ ತುದಿ ಇನ್ನೊಂದನ್ನು ದಾಟಿ ಚಾಚುವಂತೆ ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸುತ್ತಿದ್ದರು. ಹೊರಗಿನ ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆಯೇ ಹೊರತು ಒಳಕ್ಕೆ ಕುಸಿಯುವುದಿಲ್ಲ. ಸಿಮೆಂಟಿಲ್ಲ, ಗಾರೆಯಿಲ್ಲ. ಒಂದು ಚಪ್ಪಡಿಯಲ್ಲಿ, ಎಷ್ಟೋ ಕಡೆ ಪೂರ್ವಕ್ಕಿರುವುದರಲ್ಲಿ, ದುಂಡನೆಯ ಕಿಂಡಿ ಕೊರೆದಿರುತ್ತಾರೆ. ಮೇಲೆ ಭಾರಿ ಮುಚ್ಚುಗಲ್ಲು, ಸುತ್ತ ಗುಂಡುಕಲ್ಲುಗಳ ವರ್ತುಲ. ಒಳಗೆ ಸತ್ತವರ ಎಲುಬುಗಳ ಜೊತೆ ಮಡಕೆ, ಕಬ್ಬಿಣದ ಆಯುಧ, ಮಣಿ. ಈ ಮಡಕೆಗಳನ್ನು ಗುರುತಿಸುವುದು ಸುಲಭ: ಒಳಗೂ ಬಾಯಂಚಿಗೂ ಕಪ್ಪು, ಹೊರಗೆ ಕೆಳಭಾಗ ಕೆಂಪು. ಬೋರಲು ಹಾಕಿ ಸುಟ್ಟದ್ದರಿಂದ ಗಾಳಿ ತಾಗದ ಭಾಗ ಕಪ್ಪಾಯಿತೆಂದು ತಜ್ಞರು ವಿವರಿಸುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದ ಮೇಲೆ ಈ ಸಂಸ್ಕೃತಿಯ ಕಾಲಾನುಕ್ರಮದ ಚರ್ಚೆ ನಿಂತಿತು. ಕೊಪ್ಪಳದ ಹಿರೇಬೆಣಕಲ್ಲಿನ ಕಲ್ಲುಮನೆಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ನಮ್ಮ ಹಳ್ಳಿಗರು ಇಂಥವನ್ನು ಪಾಂಡವರ ಗುಡಿ ಎಂದೋ, ಮೋರಿಯರ ಮನೆ ಎಂದೋ ಕರೆದು ತಮಗೆ ತೋಚಿದ ಕಥೆ ಹೇಳಿಕೊಂಡು ಬಂದಿದ್ದಾರೆ. ಗಿಡ್ಡ ಜನ ಬದುಕಿದ್ದ ಮನೆಗಳೆಂಬ ಕಥೆ ಮಕ್ಕಳಿಗೆ ಬಹಳ ಇಷ್ಟ.

ಸತ್ತವರ ಮನೆ ಸಿಕ್ಕಿತು, ಬದುಕಿದ್ದವರ ಮನೆ ಎಲ್ಲಿ? ದಕ್ಷಿಣ ಭಾರತದ ಪುರಾತತ್ವವನ್ನು ಬಹುಕಾಲ ಕಾಡಿದ ಪ್ರಶ್ನೆ ಇದು. ಬದುಕಿದ್ದವರ ಮನೆಗೆ ಗಳ, ಹುಲ್ಲು, ಮಣ್ಣು ಸಾಕಾಗಿತ್ತು. ಜೆರಿಕೊದ ಹಾಗೆ ಒಂದೇ ಚಿಲುಮೆಗೆ ಕಟ್ಟಿಬಿದ್ದ ಊರು ಇಲ್ಲಿ ಬೇಕಾಗಿರಲಿಲ್ಲ. ಗಟ್ಟಿ ಬಂಡೆಯ ಈ ಕಣಿವೆಯಲ್ಲಿ ಅಗಲವಾದ ಮೆಕ್ಕಲು ಬಯಲಿಲ್ಲ. ನೀರು ಪ್ರತಿ ತಗ್ಗಿನಲ್ಲೂ ಸ್ವಲ್ಪ ಸ್ವಲ್ಪ ನಿಲ್ಲುತ್ತದೆ, ಬೇಸಗೆಗೆ ಬತ್ತುತ್ತದೆ. ಹಾಗಾಗಿ ಜನರೂ ಸ್ವಲ್ಪ ಸ್ವಲ್ಪವಾಗಿ ಹರಡಿಕೊಂಡರು, ಊರು ಕದಲಿಸಿದರು. ಬಿಟ್ಟುಹೋದ ಜಾಗ ಮುಂದೆ ಹೊಲವಾಯಿತು, ನೇಗಿಲು ಅದನ್ನು ಉತ್ತು ಹಾಕಿತು. ತಗ್ಗಿಗೆ ಕೆರೆ ಕಟ್ಟಿದಾಗ ಉಳಿದದ್ದೂ ನೀರಿನಡಿ ಹೋಗಿರಬಹುದು. ಬೃಹತ್ ಶಿಲಾ ಸಮಾಧಿಗಳ ಬಳಿ ಕೆರೆಗಳು ಕಾಣುವುದರಿಂದ ಕೆರೆ ನೀರಾವರಿ ತಂದವರೇ ಆ ಜನ ಎಂದು ಕೆಲವು ವಿದ್ವಾಂಸರು ಹೇಳಿದ್ದುಂಟು. ಆಕರ್ಷಕ ಮಾತು, ಆದರೆ ಇಂದು ಕಾಣುವ ಏರಿಗಳಲ್ಲಿ ಹೆಚ್ಚಿನವು ಬಹಳ ಈಚಿನವು.

ಇಲ್ಲಿ ನಮ್ಮ ಹಳ್ಳಿಯ ವಿನ್ಯಾಸವನ್ನು ಒಮ್ಮೆ ನೆನೆಯಬೇಕು. ತಗ್ಗಿನಲ್ಲಿ ಕೆರೆ, ಅದರ ಹಿಂದೆ ಗದ್ದೆ, ಏರಿಯ ಪಕ್ಕದಲ್ಲಿ ಊರು, ಊರಾಚೆ ಕೆಂಪು ಮಣ್ಣಿನ ರಾಗಿ ಹೊಲ, ಹೊಲದಾಚೆ ಬಂಡೆಯ ಬುಡದಲ್ಲಿ ಗೋಮಾಳ. ಕಲ್ಲುಮನೆಗಳು ಉಳಿದಿರುವುದು ಈ ಕೊನೆಯ ಅಂಚಿನಲ್ಲಿ. ಚಪ್ಪಡಿ ಸಿಗುವುದೂ ಅಲ್ಲೇ, ಬೇಸಾಯಕ್ಕೆ ಬಾರದ್ದರಿಂದ ನೇಗಿಲು ಹೋಗದೆ ಇದ್ದುದೂ ಅಲ್ಲೇ. ಕಂದಾಯ ದಾಖಲೆಯಲ್ಲಿ ಅದು ‘ಖರಾಬು’, ಅಂದರೆ ಉಪಯೋಗವಿಲ್ಲದ ನೆಲ. ಎರಡು ಸಾವಿರ ವರ್ಷ ಈ ಉಪಯೋಗವಿಲ್ಲದಿರುವಿಕೆಯೇ ಅವನ್ನು ಕಾಪಾಡಿತು.

ಮುಂದಿನ ಶತಮಾನಗಳ ಕಥೆಗೆ ಲಿಖಿತ ಸಾಕ್ಷಿಯಿದೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟವನ್ನು 1905ರಲ್ಲಿ ಹೊರತಂದರು. ಆಗ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ಕನಕಪುರ ಎಲ್ಲವೂ ಆ ಜಿಲ್ಲೆಯವು. ಸಂಪುಟ ತಿರುವಿ ಹಾಕಿದರೆ ಆಶ್ಚರ್ಯ ಕಾದಿದೆ. ಚನ್ನಪಟ್ಟಣದ ಸುತ್ತ, ಮಳೂರು, ಮಳೂರುಪಟ್ಟಣ, ಕೂಡ್ಲೂರುಗಳಲ್ಲಿ ತಮಿಳು ಶಾಸನಗಳು ಸಿಗುತ್ತವೆ. ರಾಜರಾಜ ಚೋಳನ ಕಾಲದಲ್ಲಿ, 1004ರ ಹೊತ್ತಿಗೆ ಗಂಗರ ತಲಕಾಡು ಚೋಳರ ವಶವಾಯಿತು. ಹೊಯ್ಸಳ ವಿಷ್ಣುವರ್ಧನ ಅದನ್ನು ಮರಳಿ ಗೆಲ್ಲುವವರೆಗೆ ನೂರಕ್ಕೂ ಹೆಚ್ಚು ವರ್ಷ ಈ ಸೀಮೆ ಅವರ ಆಡಳಿತದಲ್ಲಿತ್ತು. ಚನ್ನಪಟ್ಟಣದ ಸುತ್ತಲ ನಾಡಿಗೆ ಆ ಶಾಸನಗಳಲ್ಲಿ ಕಿಳಲೈನಾಡು ಎಂಬ ಹೆಸರಿದೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯಕ್ಕೆ ಅಂಬೆಗಾಲು ಕೃಷ್ಣನನ್ನು ನೋಡಲು ಬರುವ ಭಕ್ತರು ಕಟ್ಟಡದ ಕಲ್ಲನ್ನು ಗಮನಿಸುವುದು ಕಡಿಮೆ. ಅಂದಹಾಗೆ ಚನ್ನಪಟ್ಟಣದ ಪಕ್ಕ ಹರಿಯುವ ಕಣ್ವ ಅರ್ಕಾವತಿಯನ್ನು ಸೇರುವುದಿಲ್ಲ. ಅದು ಶಿಂಷಾದ ಪಾಲು. 1946ರ ಕಣ್ವ ಜಲಾಶಯ ಅದಕ್ಕೆ ಅಡ್ಡಲಾಗಿ ನಿಂತಿದೆ.

ಗದ್ದೆ ಇದ್ದ ಕಡೆ ದೇವಾಲಯ, ಶಾಸನ. ಬೆಟ್ಟ ಇದ್ದ ಕಡೆ ಕೋಟೆ. ನಾಲ್ಕೂ ತಾಲ್ಲೂಕುಗಳ ಮಧ್ಯಯುಗದ ಚರಿತ್ರೆಯನ್ನು ಹೀಗೆ ಒಂದು ಸಾಲಿನಲ್ಲಿ ಹೇಳಿಬಿಡಬಹುದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಯಲಹಂಕ ನಾಡಪ್ರಭುಗಳು ಮಾಗಡಿಗೆ ಬಂದು, ಸಾವನದುರ್ಗವನ್ನು ಬೆನ್ನಿಗಿಟ್ಟುಕೊಂಡು 1728ರವರೆಗೆ ಆಳಿದರು. ಆ ದುರ್ಗವನ್ನು 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನಿಂದ ಕಿತ್ತುಕೊಂಡಿತು. ಇಂಗ್ಲಿಷರು ಅದರ ಹೆಸರನ್ನು ‘ಸಾವಿನ ದುರ್ಗ’ ಎಂದು ಅರ್ಥೈಸಿಕೊಂಡು ಹೆದರಿದ್ದರು. ಬುಡದಲ್ಲಿ ನಿಜಕ್ಕೂ ಪುರಾತನ ಮಸಣವಿತ್ತೆಂಬುದು ಅವರಿಗೆ ತಿಳಿದಿರಲಾರದು.

ಇಷ್ಟೆಲ್ಲ ಹೇಳಿದ ಮೇಲೆ ಹೊಳೆಯ ಮಾತಿಗೆ ಬರಬೇಕು. ಬೆಂಗಳೂರಿನ ಕುಡಿಯುವ ನೀರಿಗಾಗಿ ಅರ್ಕಾವತಿಯನ್ನು ಮೊದಲು 1894ರಲ್ಲಿ ಹೆಸರಘಟ್ಟದಲ್ಲಿ, ಮತ್ತೆ 1933ರಲ್ಲಿ ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಬಳಸಿಕೊಳ್ಳಲಾಯಿತು. ಮುಂದೆ ಮಂಚನಬೆಲೆ, ಹಾರೋಬೆಲೆಗಳಲ್ಲೂ ಅಣೆಕಟ್ಟು ಬಂದವು. ತಿಪ್ಪಗೊಂಡನಹಳ್ಳಿಗೆ ಬರುವ ನೀರು ದಶಕದಿಂದ ದಶಕಕ್ಕೆ ಇಳಿದಾಗ ಎಲ್ಲರೂ ಮಳೆಯನ್ನು ದೂರಿದರು. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ, ಮುಖ್ಯ ಕಾರಣ ಮಳೆಯ ಕೊರತೆಯಲ್ಲ, ಕೊಳವೆ ಬಾವಿಗಳ ಅತಿ ಬಳಕೆ ಹಾಗೂ ನೀಲಗಿರಿ ತೋಪುಗಳ ಕಡೆಗೆ ಬೊಟ್ಟು ಮಾಡಿತು. ಕನಕಪುರದ ಕೆಳಗಿನ ಹೊಳೆಯಲ್ಲಿ ಬೇಸಗೆಯಲ್ಲೂ ನೀರು ಕಾಣುತ್ತದಲ್ಲ ಎಂದು ಕೇಳಬಹುದು. ಅದು ಬಹುಪಾಲು ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ. ಜೋರ್ಡಾನ್ ನದಿಗೂ ಇದೇ ಗತಿ. ಮೇಲ್ಭಾಗದ ದೇಶಗಳೆಲ್ಲ ನೀರನ್ನು ತಿರುಗಿಸಿಕೊಂಡ ಮೇಲೆ ಕೆಳ ಜೋರ್ಡಾನಿನಲ್ಲಿ ಹಿಂದಿನ ಹತ್ತನೇ ಒಂದು ಪಾಲೂ ಹರಿಯುತ್ತಿಲ್ಲ. ಮೃತ ಸಮುದ್ರ ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಿದೆ.

ಹೊಳೆ ಬತ್ತಿದ್ದು ಕಣ್ಣಿಗೆ ಬೀಳುತ್ತದೆ. ಕಲ್ಲುಮನೆ ಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಖರಾಬು ನೆಲಕ್ಕೆ ಬೆಲೆ ಬಂದದ್ದು ಕಳೆದ ನಾಲ್ಕೈದು ದಶಕಗಳಲ್ಲಿ. ಕಬ್ಬಿಣ ಯುಗದವರಿಗೆ ಬೇಕಾಗಿದ್ದ ಅದೇ ಚಪ್ಪಡಿ ಈಗ ಬೆಂಗಳೂರಿನ ಕಟ್ಟಡಗಳಿಗೆ ಬೇಕು. ಅಂದು ಬೆಂಕಿಯಿಂದ ಎಬ್ಬಿಸಿದ್ದನ್ನು ಇಂದು ಸಿಡಿಮದ್ದಿನಿಂದ ಎಬ್ಬಿಸುತ್ತಾರೆ. ಗಣಿಯಾಗದ ಗೋಮಾಳ ಬಡಾವಣೆಯಾಗುತ್ತದೆ. ವರ್ತುಲದ ಗುಂಡುಕಲ್ಲುಗಳನ್ನು ಜೆಸಿಬಿ ಒಂದೇ ಮಧ್ಯಾಹ್ನದಲ್ಲಿ ಮೂಲೆಗೆ ತಳ್ಳಿಬಿಡುತ್ತದೆ. ಇವೆರಡೂ ಇಲ್ಲದ ಕಡೆ ನಿಧಿಗಳ್ಳರು ಅಮಾವಾಸ್ಯೆಯ ರಾತ್ರಿ ಅಗೆಯುತ್ತಾರೆ. ಅವರಿಗೆ ಸಿಗುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ. ಚರಿತ್ರೆಗೆ ಬೇಕಾದ ನಿಧಿ ಅದೇ; ಅವರು ಅದನ್ನು ಎಸೆದು ಹೋಗುತ್ತಾರೆ.

ಜೋರ್ಡಾನಿನಲ್ಲೂ ಕಲ್ಲುಗಣಿಗಾರಿಕೆ ದಾಮಿಯಾ ಎಂಬಲ್ಲಿನ ಡಾಲ್ಮೆನ್ ನೆಲೆಯನ್ನು ಸುತ್ತುವರಿದು ಎಷ್ಟನ್ನೋ ನುಂಗಿದೆ. ಆದರೆ ಅವರು ಒಂದು ಕೆಲಸ ಮಾಡಿದ್ದರು. ಕಣಿವೆಯ ಪೂರ್ವ ದಡದಲ್ಲಿ ನೀರಾವರಿ ವಿಸ್ತರಣೆ ನಡೆಯುತ್ತಿದ್ದ ಕಾಲಕ್ಕೆ, 1975-76ರಲ್ಲಿ, ಪುರಾತತ್ವಜ್ಞರು ಆ ದಡವನ್ನು ಕಾಲ್ನಡಿಗೆಯಲ್ಲಿ ಜಾಲಾಡಿ ಇನ್ನೂರಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು. ಕಣಿವೆಯನ್ನು ಒಂದು ಘಟಕವಾಗಿ ನೋಡಿದ್ದು ಅದರ ಹೆಚ್ಚುಗಾರಿಕೆ. ನಮ್ಮ ಹಳೆಯ ದಾಖಲೆಗಳ ಕ್ರಮ ಜಿಲ್ಲೆ, ತಾಲ್ಲೂಕು, ಗ್ರಾಮ. ರೈಸ್ ಅವರ ಕಾಲದಲ್ಲಿ ಆಡಳಿತದ ಅನುಕೂಲಕ್ಕೆ ಅದೇ ಸರಿ. ಆದರೆ ಒಂದೇ ಹೊಳೆಯ ಈ ದಡದ ಕಲ್ಲುವರ್ತುಲ ಒಂದು ತಾಲ್ಲೂಕಿನ ಕಡತದಲ್ಲೂ, ಎದುರು ದಡದ್ದು ಇನ್ನೊಂದರಲ್ಲೂ ಸೇರಿಬಿಟ್ಟರೆ ಎರಡನ್ನೂ ಕೂಡಿಸಿ ಓದುವವರು ಯಾರು? ಅಡ್ಡಲಾಗಿ ಹರಡಿದ ಚರಿತ್ರೆಯನ್ನು ಅಗೆದು ಓದಲಾಗದು, ನಡೆದು ಓದಬೇಕು.

ಕಾನೂನು ಇಲ್ಲವೆಂದಲ್ಲ. ಕೇಂದ್ರದ 1958ರ ಕಾಯಿದೆಯಿದೆ, ರಾಜ್ಯದ 1961ರ ಕಾಯಿದೆಯಿದೆ. ಸಂರಕ್ಷಿತ ಎಂದು ಘೋಷಿತವಾದ ಸ್ಮಾರಕಕ್ಕೆ ಅವು ಕಾವಲು ನಿಲ್ಲುತ್ತವೆ. ಪಟ್ಟಿಗೆ ಸೇರದ ಕಲ್ಲಿಗೆ ಕಾವಲು ಊರಿನವರ ನೆನಪೊಂದೇ.

ಆ ನೆನಪಿನ ಬೆಲೆಗೆ ಮಾಗಡಿಯಲ್ಲೇ ಒಂದು ನಿದರ್ಶನವಿದೆ. ಕೆಂಪಾಪುರದಲ್ಲಿ ಒಂದು ಪುಟ್ಟ ಮಂಟಪ ತಲೆಮಾರುಗಳಿಂದ ಎಲ್ಲರ ಕಣ್ಣೆದುರಿಗೇ ನಿಂತಿತ್ತು. ಅಲ್ಲಿನ ಶಾಸನವನ್ನು ಓದಿ, ಅದು ಕೆಂಪೇಗೌಡರ ಸಮಾಧಿಯೆಂದು ಗುರುತಿಸಿದ್ದು 2015ರಲ್ಲಿ. ಬೆಂಗಳೂರು ಕಟ್ಟಿದವರ ಸಮಾಧಿಗೇ ಅಷ್ಟು ಕಾಲ ಹಿಡಿಯಿತು. ಅಲ್ಲಾದರೂ ಓದಲು ಅಕ್ಷರವಿತ್ತು. ಅಕ್ಷರವಿಲ್ಲದ ಕಲ್ಲುಮನೆಯನ್ನು ಗುರುತಿಸಲು ಬೇರೆ ಲಕ್ಷಣ ನೋಡಬೇಕು: ಬಂಡೆಯ ಬುಡದ ಗೋಮಾಳದಲ್ಲಿ ಹತ್ತಿಪ್ಪತ್ತು ಅಡಿ ಅಗಲಕ್ಕೆ ದುಂಡಾಗಿ ಕೂತ ಗುಂಡುಕಲ್ಲುಗಳು, ನಡುವೆ ತುಸು ಉಬ್ಬಿದ ನೆಲ, ಅದರಿಂದ ಒಂದು ಗೇಣು ಮೇಲೆದ್ದ ಚಪ್ಪಡಿಯ ಅಂಚು, ಮಳೆಗೆ ಕೊಚ್ಚಿ ಬಂದ ಕಪ್ಪು-ಕೆಂಪು ಬೋಕಿ ಬಿಲ್ಲೆ. ದನ ಕಾಯುವ ಹುಡುಗರಿಗೆ ಇದರ ಜಾಗ ಚೆನ್ನಾಗಿ ಗೊತ್ತಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅವರು ಕೂರುವುದು ಆ ಮುಚ್ಚುಗಲ್ಲಿನ ನೆರಳಿನಲ್ಲೇ.